ಹಳೇ ಸಾಮಾನು ಸೇರಿಸಿ ಮಾಡಿದ ಕೂರಿಗೆಗೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ನಮ್ಮ ಕಡೆ ಮಸಾರಿ ಹೊಲ, ಕಲ್ಲು ಜಾಸ್ತಿ. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಶೇಂಗಾ ಬಿತ್ತುವಾಗ ಮಣ್ಣು ಸೀಳುವ ತಾಳು ಕಲ್ಲಿಗೆ ಬಡಿದು ಬಾಗುತ್ತದೆ, ಇಲ್ಲವೇ ಬೋಲ್ಟ್ ಮುರಿಯುತ್ತದೆ. ಅದಕ್ಕೆ ಕಲ್ಟಿವೇಟರ್‌ನ ಸ್ಪ್ರಿಂಗ್ ತಾಳುಗಳನ್ನು ಕೂರಿಗೆಗೆ ಹಾಕಿದೆ. ತಾಳು ಕಲ್ಲಿನ ಮೇಲೆ ಎದ್ದಾಗ ಬೀಜ ನೆಲದ ಮೇಲೇ ಬೀಳುತ್ತಿತ್ತು. ಬೈಕಿನ ಬ್ರೇಕ್ ಕೇಬಲ್ ಕಟ್ಟಿ, ತಾಳು ಎದ್ದರೆ ಬೀಜದ ಬಾಗಿಲು ಮುಚ್ಚುವ ಹಾಗೆ ಮಾಡಿದೆ. ಬಾಗಿಲು ಮೊದಲು ಡಬ್ಬಿಯ ಕೆಳಗೆ ಇಟ್ಟಿದ್ದೆ, ಸರಿ ಬರಲಿಲ್ಲ, ಪೈಪಿನ ತುದಿಗೆ ಇಳಿಸಿದೆ. ಆಮೇಲೆ ಬೀಜ ಗುಂಪಾಗಿ ಬೀಳತೊಡಗಿತು. ಸೈಕಲ್ ಪಂಪಿನ ವಾಷರ್ ಹಾಕಿ ಒಂದು ಸಣ್ಣ ಜುಗಾಡ್ ಮಾಡಿದ ಮೇಲೆ ಅದೂ ನಿಂತಿತು. ಕಳೆದ ಮುಂಗಾರಿನಲ್ಲಿ ನಮ್ಮ ಹೊಲದಲ್ಲೇ ಓಡಿಸಿ ನೋಡಿದ್ದೇನೆ, ಯಾರಿಗೂ ಮಾರಿಲ್ಲ. ಇಂಜಿನಿಯರಿಂಗ್ ಓದಿದ ಅಳಿಯ, 'ಮಾವಾ, ಎಲ್ಲಾ ಹಳೇ ಸಾಮಾನೇ, ಇದಕ್ಕೆ ಪೇಟೆಂಟ್ ಕೊಡಲ್ಲ' ಅನ್ನುತ್ತಾನೆ. ಹೌದಾ?

ಉತ್ತರ: ಸಾಮಾನು ಹಳೇದು ಅನ್ನುವುದರಲ್ಲಿ ಅಳಿಯನ ತಪ್ಪಿಲ್ಲ. ಆದರೆ ಆ ಲೆಕ್ಕ ಹಿಡಿದರೆ ಜಗತ್ತಿನ ಯಾವ ಯಂತ್ರಕ್ಕೂ ಪೇಟೆಂಟ್ ಸಿಗಬಾರದು. ಗಾಲಿ, ಹಲ್ಲುಚಕ್ರ, ಸನ್ನೆ, ಸ್ಪ್ರಿಂಗ್, ಬೋಲ್ಟು ಬಿಟ್ಟು ಯಂತ್ರ ಕಟ್ಟಿದವರು ಯಾರಿದ್ದಾರೆ ಹೇಳಿ? ಪೇಟೆಂಟ್ ಕಚೇರಿಯವರು ಕೇಳುವುದು ಸಾಮಾನಿನ ವಯಸ್ಸನ್ನಲ್ಲ. ಒಂದರ ಪಕ್ಕ ಇನ್ನೊಂದು ಬಂದು ಕೂತ ಮೇಲೆ ಅವು ಒಂದಕ್ಕೊಂದು ಏನು ಮಾಡಿದವು ಅಂತ ಕೇಳುತ್ತಾರೆ.

ನಮ್ಮ ಪೇಟೆಂಟ್ ಕಾಯ್ದೆ 1970ರದ್ದು. ಅದರ 3ನೇ ಕಲಮಿನಲ್ಲಿ ಯಾವುದು ಆವಿಷ್ಕಾರವೇ ಅಲ್ಲ ಅನ್ನುವ ಪಟ್ಟಿ ಇದೆ. ಆ ಪಟ್ಟಿಯ 'ಎಫ್' ಅನ್ನುವುದು ನಿಮಗೆ ಸಂಬಂಧಪಟ್ಟದ್ದು. ಗೊತ್ತಿರುವ ಸಾಧನಗಳನ್ನು ಸುಮ್ನೆ ಜೋಡಿಸುವುದು, ಹಿಂದೆ ಮುಂದೆ ಮಾಡುವುದು, ಒಂದಿದ್ದದ್ದನ್ನು ಎರಡು ಮಾಡುವುದು, ಅದರಲ್ಲಿ ಪ್ರತಿಯೊಂದೂ ತನ್ನ ಪಾಡಿಗೆ ತಾನು ಹಳೇ ಕೆಲಸವನ್ನೇ ಮಾಡುತ್ತಿದ್ದರೆ, ಅದು ಆವಿಷ್ಕಾರವಲ್ಲ.

ನಮ್ಮ ಒಗ್ಗರಣಿ ಮಿರ್ಚಿ ಇದೆಯಲ್ಲ, ಅದು ಹೀಗೇ. ತಟ್ಟೆ ಒಂದೇ, ಜೋಡಿ ಬಲು ಚೆನ್ನ, ಆದರೆ ಮಿರ್ಚಿ ಮಿರ್ಚಿಯಾಗಿಯೇ ಇರುತ್ತದೆ, ಮಂಡಾಳು ಮಂಡಾಳಾಗಿಯೇ ಇರುತ್ತದೆ. ಅದೇ ಎಲೆ ಅಡಿಕೆ ನೋಡಿ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರನ್ನೂ ಜಗಿದರೆ ಬಾಯಿ ಕೆಂಪಾಗುತ್ತದೆ. ಆ ಕೆಂಪು ಬಂದಿದ್ದು ಒಂದು ಇನ್ನೊಂದರ ಮೇಲೆ ಕೆಲಸ ಮಾಡಿದ್ದರಿಂದ. ಯಂತ್ರದಲ್ಲೂ ನಾನು ಹುಡುಕುವುದು ಆ ಕೆಂಪನ್ನೇ.

ಇದನ್ನು ನಾನು ಏಟು ತಿಂದು ಕಲಿತವನು. ಪೇಟೆಂಟ್ ಅರ್ಜಿ ಬರೆದುಕೊಡುವ ಈ ಕೆಲಸ ಶುರು ಮಾಡಿದ ಹೊಸತರಲ್ಲಿ ರಾಯಚೂರು ಕಡೆಯ ಒಬ್ಬರು ತೊಗರಿ ಹಸನು ಮಾಡುವ ಯಂತ್ರ ತಂದಿದ್ದರು. ಜರಡಿ, ಊದುವ ಫ್ಯಾನು, ಕೊನೆಗೆ ತೂಕದ ಕಾಟಾ, ಎಲ್ಲಾ ಒಂದೇ ಟ್ರಾಲಿ ಮೇಲೆ. ನೋಡಲು ಅಂದವಾಗಿತ್ತು, ಮಾರಾಟವೂ ಆಗುತ್ತಿತ್ತು. ನಾನು ಹುರುಪಿನಲ್ಲಿ ಹದಿನೆಂಟು ಪುಟದ ಅರ್ಜಿ ಬರೆದೆ. ಪರೀಕ್ಷಕರು ವಿಚಾರಣೆಯಲ್ಲಿ ಒಂದೇ ಮಾತು ಕೇಳಿದರು: ಜರಡಿ ಕಿತ್ತು ಹಾಕಿದರೆ ಕಾಟಾ ಬೇರೆ ಥರ ತೂಗುತ್ತದೆಯೇ? ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿ ಬಿದ್ದುಹೋಯಿತು. ಅವತ್ತಿನಿಂದ ಯಾರೇ ಯಂತ್ರ ತಂದರೂ ಮೊದಲು ಆ ಪ್ರಶ್ನೆ ನಾನೇ ಕೇಳಿಬಿಡುತ್ತೇನೆ.

ಇಂಗ್ಲೆಂಡಿನಲ್ಲಿ ಈ ವಾದ 1890ರಲ್ಲೇ ಆಗಿದೆ. ಮಾಂಸ ಕೊಚ್ಚುವ ಯಂತ್ರ, ಕೊಚ್ಚಿದ್ದನ್ನು ತುಂಬುವ ಯಂತ್ರ, ಎರಡೂ ಮೊದಲೇ ಇದ್ದವು. ಒಬ್ಬರು ಎರಡನ್ನೂ ಸೇರಿಸಿ ಒಂದು ಮಾಡಿ ಪೇಟೆಂಟ್ ತೆಗೆದುಕೊಂಡಿದ್ದರು. ಕೋರ್ಟು ಅದನ್ನು ಒಪ್ಪಲಿಲ್ಲ. ಇವತ್ತಿಗೂ ವಕೀಲರು ಅದನ್ನು ಸಾಸೇಜ್ ಯಂತ್ರದ ಕೇಸು ಅಂತಲೇ ಕರೆಯುತ್ತಾರೆ.

'ಎಫ್' ದಾಟಿದರೂ ಇನ್ನೊಂದು ಗೇಟಿದೆ. ಕಾಯ್ದೆಯ 2ನೇ ಕಲಮಿನ ಪ್ರಕಾರ ನಿಮ್ಮ ಯಂತ್ರ ಇದ್ದದ್ದಕ್ಕಿಂತ ತಾಂತ್ರಿಕವಾಗಿ ಒಂದು ಹೆಜ್ಜೆ ಮುಂದಿರಬೇಕು, ಇಲ್ಲವೇ ಆರ್ಥಿಕವಾಗಿ ಮಹತ್ವದ್ದಾಗಿರಬೇಕು, ಎರಡೂ ಇದ್ದರೂ ಸರಿ. ಅದರ ಜೊತೆಗೆ, ಆ ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು. ಜನ ಆರ್ಥಿಕ ಮಹತ್ವ ಅನ್ನುವುದನ್ನು ಓದಿ ಖುಷಿಯಾಗಿ, ಕೊನೆಯ ಮಾತನ್ನು ಮರೆತುಬಿಡುತ್ತಾರೆ. ಎಷ್ಟೇ ದುಡ್ಡು ಉಳಿಸಿದರೂ, ಹೊಳೆಯುವಂಥದ್ದಾದರೆ ಕಥೆ ಮುಗಿಯಿತು.

ಕಸುಬು ಬಲ್ಲವನು ಅಂದರೆ ಯಾರು? ಕೃಷಿ ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ, ಟ್ರ್ಯಾಕ್ಟರ್ ಓಡಿಸುವ ಹುಡುಗನೂ ಅಲ್ಲ. ಕೂರಿಗೆ, ಕುಂಟೆ, ಕಲ್ಟಿವೇಟರ್ ಮಾಡಿ ಕೈ ಪಳಗಿದ, ಸಾಧಾರಣ ಬುದ್ಧಿಯ ಒಬ್ಬ ಮೇಸ್ತ್ರಿ ಅಂದುಕೊಳ್ಳಿ. ನಿಮ್ಮ ಪಕ್ಕದ ಶೆಡ್ಡಿನವನೇ. ಒಂದೇ ವ್ಯತ್ಯಾಸ, ಈ ಕಾಲ್ಪನಿಕ ಮೇಸ್ತ್ರಿ ತನ್ನ ಕಸುಬಿನ ಎಲ್ಲಾ ಹಳೇ ಪೇಟೆಂಟು, ಕ್ಯಾಟಲಾಗು ಓದಿದ್ದಾನೆ. ಅವನಿಗೆ ಬುದ್ಧಿಯೇ ಇಲ್ಲ ಅಂತ ನಾವು ವಾದ ಮಾಡುವ ಹಾಗಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಕಾರಿನ ಆಕ್ಸಿಲರೇಟರ್ ಪೆಡಲಿನ ಒಂದು ಕೇಸಿನಲ್ಲಿ ಹೀಗೇ ಹೇಳಿತು. ಹಿಂದೆ ಮುಂದೆ ಸರಿಸಬಹುದಾದ ಪೆಡಲ್ ಇತ್ತು, ಎಲೆಕ್ಟ್ರಾನಿಕ್ ಸೆನ್ಸರ್ ಇತ್ತು, ಒಂದಕ್ಕೆ ಇನ್ನೊಂದನ್ನು ಕೂರಿಸುವುದು ಆ ಕಸುಬಿನವನಿಗೆ ತಾನಾಗಿ ಹೊಳೆಯುವ ಮಾತು ಅಂತ ಪೇಟೆಂಟ್ ಹೋಯಿತು. ಆ ತೀರ್ಪು ನಮ್ಮ ಕಚೇರಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ಆ ಯೋಚನೆ ಇಲ್ಲಿಯೂ ಓಡಾಡುತ್ತಿದೆ.

ನಮ್ಮದೇ ಸುಪ್ರೀಂ ಕೋರ್ಟಿನ ತೀರ್ಪು 1978ರದ್ದು. ಶೆಡ್ ಇಟ್ಟುಕೊಂಡ ನಿಮಗೆ ಅದು ಓದಿದ ಕೂಡಲೇ ಅರ್ಥವಾಗುತ್ತದೆ. ಮಿರ್ಜಾಪುರದ ಪಾತ್ರೆ ತಯಾರಿಸುವ ಒಂದು ಸಂಸ್ಥೆ. ಪಾತ್ರೆಯನ್ನು ಲೇತ್‌ನಲ್ಲಿ ತಿರುಗಿಸಿ ಕೆರೆದು ಪಾಲಿಶ್ ಮಾಡಬೇಕು. ಮೊದಲು ಪಾತ್ರೆಯನ್ನು ಲೇತ್‌ನ ತಲೆಗೆ ಅಂಟಿನಿಂದ ಅಂಟಿಸುತ್ತಿದ್ದರು, ಇಲ್ಲವೇ ಚಕ್‌ನ ದವಡೆಯಲ್ಲಿ ಹಿಡಿಸುತ್ತಿದ್ದರು. ಕೆಲಸದ ನಡುವೆ ಪಾತ್ರೆ ಹಾರಿ ಬರುತ್ತಿತ್ತು. ಇವರು ಎದುರು ಬದಿಯಿಂದ ಟೇಲ್‌ಸ್ಟಾಕ್ ಅನ್ನುವ ಲೇತ್‌ನ ಇನ್ನೊಂದು ತಲೆಯನ್ನು ತಂದು ಒತ್ತಿ ಹಿಡಿಸಿದರು. ಪಾತ್ರೆ ಹಾರುವುದು ನಿಂತಿತು, ಕೆಲಸ ಬೇಗ ಆಯಿತು, ಪೇಟೆಂಟೂ ಸಿಕ್ಕಿತು. ಬೇರೆಯವರು ಅದನ್ನೇ ಬಳಸಿದಾಗ ಕೇಸು ಹಾಕಿದರು. ಕೊನೆಗೆ ಸುಪ್ರೀಂ ಕೋರ್ಟ್ ಪೇಟೆಂಟನ್ನೇ ರದ್ದು ಮಾಡಿತು. ಟೇಲ್‌ಸ್ಟಾಕ್‌ನಿಂದ ಒತ್ತಿ ಹಿಡಿಯುವುದು ಲೇತ್ ಬಲ್ಲವರಿಗೆ ಗೊತ್ತಿದ್ದದ್ದೇ, ಇದು ವರ್ಕ್‌ಶಾಪಿನಲ್ಲಿ ಆಗುವ ಸುಧಾರಣೆ ಅಷ್ಟೇ ಅಂದಿತು. ಗೊತ್ತಿರುವುದನ್ನು ಸೇರಿಸಿದವರಿಗೆ ಪೇಟೆಂಟ್ ಬೇಕಾದರೆ, ಹೊಸ ಫಲಿತಾಂಶ ಬರಬೇಕು, ಇಲ್ಲವೇ ಹೊಸ ವಸ್ತು, ಅಥವಾ ಮೊದಲಿಗಿಂತ ಒಳ್ಳೆಯದು, ಅಗ್ಗದ್ದು. ಅದರ ಹಿಂದೆ ವರ್ಕ್‌ಶಾಪಿನ ಕೈಚಳಕಕ್ಕಿಂತ ಮಿಗಿಲಾದ ತಲೆಯೂ ಓಡಿರಬೇಕು ಅಂತ ಹೇಳಿತು. ಸುರಕ್ಷಿತ, ಬೇಗ, ಅನುಕೂಲ, ಇಷ್ಟೇ ಸಾಲದು ಅಂತ ನಾನು ಗಿರಾಕಿಗಳಿಗೆ ಹೇಳುವುದು ಈ ಕೇಸಿನಿಂದ.

ಈಗ ನಿಮ್ಮ ಕೂರಿಗೆಗೆ ಬರೋಣ. ನಿಮ್ಮ ಪತ್ರದಲ್ಲಿ ನಾಲ್ಕು ಕೆಲಸ ಇವೆ. ನಾಲ್ಕಕ್ಕೂ ಒಂದೇ ತೂಕ ಇಲ್ಲ.

ಕೂರಿಗೆಗೆ ಸ್ಪ್ರಿಂಗ್ ತಾಳು ಹಾಕಿದ್ದು. ಇದನ್ನು ಬಿಟ್ಟುಬಿಡಿ. ಕಲ್ಟಿವೇಟರ್‌ನಲ್ಲಿ ಸ್ಪ್ರಿಂಗ್ ಇರುವುದೇ ಕಲ್ಲಿಗೆ ಬಡಿದಾಗ ತಾಳು ಏಳಲಿ ಅಂತ. ನೀವೂ ಅದಕ್ಕೇ ಹಾಕಿದಿರಿ. ಅದೇ ಸಾಮಾನು, ಅದೇ ಕಷ್ಟ, ಅದೇ ಪರಿಹಾರ. ಪಕ್ಕದ ಶೆಡ್ಡಿನ ಮೇಸ್ತ್ರಿಯೂ ಇದನ್ನೇ ಮಾಡುತ್ತಿದ್ದ.

ಇಲ್ಲಿ ಇನ್ನೊಂದು ಕೇಸು ಹೇಳಲೇಬೇಕು, ಯಾಕಂದ್ರೆ ಅದು ಹೆಚ್ಚುಕಡಿಮೆ ನಿಮ್ಮ ಹೊಲದ್ದೇ. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಗ್ರಹಾಂ ಅನ್ನುವವರ ನೇಗಿಲು ಬಂತು. ಎದುರಾಳಿ ಜಾನ್ ಡೀರ್ ಕಂಪನಿ. ಅಲ್ಲಿಯೂ ಕಲ್ಲಿನ ನೆಲ, ಅಲ್ಲಿಯೂ ಕಲ್ಲು ತಗುಲಿದಾಗ ಸ್ಪ್ರಿಂಗಿನಿಂದ ಎದ್ದು ಮತ್ತೆ ಇಳಿಯುವ ತಾಳು. ಗ್ರಹಾಂ ಅವರದ್ದೇ ಹಳೇ ಪೇಟೆಂಟಿನಲ್ಲಿ ತಾಳು ಒಂದು ಪ್ಲೇಟಿನ ಮೇಲೆ ಕೂತಿತ್ತು, ಹೊಸದರಲ್ಲಿ ಪ್ಲೇಟಿನ ಕೆಳಗೆ ಬಂತು. ಮೇಲಿದ್ದದ್ದನ್ನು ಕೆಳಗೆ ಮಾಡುವುದು ಕಸುಬಿನವನಿಗೆ ಹೊಳೆಯುವಂಥದ್ದೇ ಅಂತ ಕೋರ್ಟು ಪೇಟೆಂಟ್ ತೆಗೆದುಹಾಕಿತು. ಈ ಕೇಸಿನಲ್ಲಿ ನನಗೆ ಮುಖ್ಯ ಅನ್ನಿಸುವುದು ಬೇರೆ. ಹೀಗೆ ಕೆಳಗೆ ಕೂರಿಸಿದರೆ ತಾಳು ಉದ್ದಕ್ಕೂ ಚೆನ್ನಾಗಿ ಬಳುಕುತ್ತದೆ, ಅದೇ ಇದರ ಗುಣ ಅಂತ ಗ್ರಹಾಂ ಪರ ವಾದ ಬಂತು. ಆದರೆ ಪೇಟೆಂಟ್ ಕಚೇರಿಯಲ್ಲಿ ಅವರು ಆ ಮಾತನ್ನು ಎತ್ತಿರಲೇ ಇಲ್ಲ. ನಂತರ ನೆನಪಾದ ಗುಣಕ್ಕೆ ಕೋರ್ಟು ಸೊಪ್ಪು ಹಾಕಲಿಲ್ಲ. ನಿಮ್ಮ ಯಂತ್ರದ ಗುಣ ಏನಿದೆಯೋ ಅದು ಮೊದಲ ದಿನವೇ ಅರ್ಜಿಯಲ್ಲಿ ಬರಬೇಕು.

ಎರಡನೆಯದು ಕೇಬಲ್. ಇಲ್ಲಿ ಜಗಳ ಇದೆ. ಪರೀಕ್ಷಕರು ಹೀಗೆ ಹೇಳಬಹುದು: ಟ್ರ್ಯಾಕ್ಟರ್ ಕೂರಿಗೆಯನ್ನು ಹೈಡ್ರಾಲಿಕ್‌ನಲ್ಲಿ ಎತ್ತಿದರೆ ನೆಲದ ಗಾಲಿ ತಿರುಗುವುದು ನಿಲ್ಲುತ್ತದೆ, ಬೀಜವೂ ನಿಲ್ಲುತ್ತದೆ. ಎತ್ತಿದಾಗ ಬೀಜ ನಿಲ್ಲಬೇಕು ಅನ್ನುವ ಯೋಚನೆ ಹಳೇದು. ನೀವು ಅದನ್ನೇ ಒಂದೊಂದು ತಾಳಿಗೆ ಮಾಡಿದಿರಿ, ಅಷ್ಟೇ. ಈ ವಾದಕ್ಕೆ ಬಲವಿದೆ. ನಮ್ಮ ಉತ್ತರ: ಅಲ್ಲಿ ಇಡೀ ಕೂರಿಗೆ ಏಳುತ್ತದೆ, ಗಾಲಿ ನಿಲ್ಲುತ್ತದೆ. ಇಲ್ಲಿ ಗಾಲಿ ತಿರುಗುತ್ತಲೇ ಇದೆ, ಪಕ್ಕದ ತಾಳುಗಳು ಬಿತ್ತುತ್ತಲೇ ಇವೆ, ಕಲ್ಲಿಗೆ ಸಿಕ್ಕ ಒಂದು ತಾಳು ತನ್ನ ಬೀಜವನ್ನು ತಾನೇ ತಡೆಯುತ್ತದೆ. ಮುರಿಯದಿರಲಿ ಅಂತ ಹಾಕಿದ್ದ ಸ್ಪ್ರಿಂಗು ಈಗ ಬೀಜಕ್ಕೆ ಅಪ್ಪಣೆ ಕೊಡುತ್ತಿದೆ. ಅದು ಸ್ಪ್ರಿಂಗಿನ ಹಳೇ ಕೆಲಸ ಅಲ್ಲ, ಅಲ್ವಾ? ಹಾಗಾಗಿ 'ಎಫ್' ಗೇಟನ್ನು ದಾಟುತ್ತೀರಿ. ಹೊಳೆಯುವಂಥದ್ದೋ ಅಲ್ಲವೋ ಅನ್ನುವುದರಲ್ಲಿ ಮಾತ್ರ ನಾನು ಕೇಬಲ್ ಒಂದನ್ನೇ ನಂಬಿ ಕೂರುವುದಿಲ್ಲ.

ನಿಜವಾದ ಗಟ್ಟಿ ಇರುವುದು ನೀವು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋದ ಕಡೆ. ಬಾಗಿಲು ಡಬ್ಬಿ ಕೆಳಗಿದ್ದಾಗ ಸರಿ ಬರಲಿಲ್ಲ ಅಂದಿರಿ. ಯಾಕೆ ಬರಲಿಲ್ಲ? ಲೆಕ್ಕ ಹಾಕಿ ನೋಡೋಣ. ಪೈಪು ಎರಡು ಅಡಿ ಇದ್ದರೆ ಬೀಜ ಕೆಳಗೆ ಬರಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಟ್ರ್ಯಾಕ್ಟರ್ ಗಂಟೆಗೆ 4 ಕಿ.ಮೀ. ಹೋದರೂ ಅಷ್ಟರಲ್ಲಿ ಒಂದು ಅಡಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಬಾಗಿಲು ಮೇಲೆ ಮುಚ್ಚಿತು, ಆದರೆ ಪೈಪಿನೊಳಗಿದ್ದ ಬೀಜ ಕಲ್ಲಿನ ಮೇಲೆ ಬಿದ್ದೇ ಬಿತ್ತು. ತಾಳು ಮತ್ತೆ ಮಣ್ಣಿಗೆ ಇಳಿದಾಗ ಬೀಜ ಇನ್ನೂ ಮೇಲಿದೆ, ಅಲ್ಲೊಂದು ಖಾಲಿ. ಅಂದರೆ ಕಸುಬಿನವನಿಗೆ ಮೊದಲು ಹೊಳೆಯುವ ಜಾಗ ಯಾವುದೋ, ಅಲ್ಲಿ ಇಟ್ಟರೆ ಯಂತ್ರ ಸೋಲುತ್ತದೆ. ಇದು ನಮಗೆ ಬೇಕಾದ ಸಾಕ್ಷಿ. ಆ ಸೋತ ಮಾದರಿಯ ಫೋಟೋ ಇದ್ದರೆ ಅಳಿಸಬೇಡಿ.

ಬಾಗಿಲು ಕೆಳಗೆ ಇಳಿಸಿದಿರಿ. ಈಗ ಅದರ ಮೇಲೆ ಬೀಜ ಕೂಡಿಕೊಳ್ಳುತ್ತದೆ. ತಾಳು ಅರ್ಧ ಸೆಕೆಂಡು ಮೇಲಿದ್ದರೆ, ನಾಲ್ಕು ಇಂಚಿಗೊಂದು ಬೀಜದಂತೆ ಐದು ಬೀಜ ಆಗುತ್ತದೆ. ಬಾಗಿಲು ಫಟ್ಟಂತ ತೆರೆದರೆ ಐದೂ ಒಂದೇ ಗುಣಿಗೆ. ಅಲ್ಲಿಗೆ ಬಂತು ನಿಮ್ಮ ಸೈಕಲ್ ಪಂಪಿನ ವಾಷರ್. ಆ ಚರ್ಮದ ಬಟ್ಟಲು ವಾಷರ್‌ನ ಗುಣ ನಿಮಗೆ ಗೊತ್ತೇ ಇದೆ. ಒಂದು ಕಡೆ ಎಳೆದರೆ ಅಂಚು ಮಡಚಿ ಗಾಳಿ ಬಿಡುತ್ತದೆ, ಇನ್ನೊಂದು ಕಡೆ ಒತ್ತಿದರೆ ಅಂಚು ಅಗಲವಾಗಿ ಗಾಳಿ ಹಿಡಿಯುತ್ತದೆ. ಅದರಿಂದ ನಿಮ್ಮ ಬಾಗಿಲು ಬೇಗ ಮುಚ್ಚಿ ನಿಧಾನಕ್ಕೆ ತೆರೆಯುತ್ತದೆ. ಸಣ್ಣ ಸಂದಿಯಲ್ಲಿ ಬೀಜ ಒಂದೊಂದಾಗಿ ಜಾರುತ್ತದೆ, ಅಷ್ಟರೊಳಗೆ ತಾಳು ಪೂರ್ತಿ ಮಣ್ಣಿಗೆ ಇಳಿದಿರುತ್ತದೆ. ನಿಮ್ಮ ಬಾಯಿ ಕೆಂಪಾಗಿದ್ದು ಇಲ್ಲಿ. ಇದನ್ನು ಸಣ್ಣ ಜುಗಾಡ್ ಅಂದಿರಲ್ಲ!

ಪರೀಕ್ಷಕರು ಇದಕ್ಕೂ ಹಳೇ ದಾಖಲೆ ತರಬಹುದು. ಬಾಗಿಲು ನಿಧಾನಕ್ಕೆ ಮುಚ್ಚಿಸುವ ಡೋರ್ ಕ್ಲೋಸರ್ ಇದೆ, ಬೈಕಿನ ಶಾಕ್ ಅಬ್ಸಾರ್ಬರ್ ಇದೆ. ಹೊಳೆಯುವಂಥದ್ದೋ ಅಂತ ನೋಡುವಾಗ ಎರಡು ಮೂರು ದಾಖಲೆ ಸೇರಿಸಿ ಓದಲು ಅವರಿಗೆ ಅವಕಾಶ ಇದೆ. ಆದರೆ ಸೇರಿಸಲು ಕಾರಣ ಕೊಡಬೇಕು. ಕೂರಿಗೆ ಮಾಡುವವನು ಡೋರ್ ಕ್ಲೋಸರ್ ಕಡೆ ಯಾಕೆ ತಿರುಗಿ ನೋಡುತ್ತಾನೆ? ಬೀಜ ಗುಂಪಾಗಿ ಬೀಳುವ ಕಷ್ಟ ಇದೆ ಅಂತ ಗೊತ್ತಾಗಬೇಕಾದರೆ ಮೊದಲು ಬಾಗಿಲನ್ನು ಕೆಳಗೆ ಇಳಿಸಿರಬೇಕು. ಅದಕ್ಕೂ ಮೊದಲು ಮೇಲೆ ಇಟ್ಟು ಸೋತಿರಬೇಕು. ಒಗಟಿನ ಉತ್ತರ ಕೇಳಿದ ಮೇಲೆ ಎಲ್ಲರೂ 'ಅಯ್ಯೋ ಇಷ್ಟೇನಾ' ಅನ್ನುತ್ತಾರೆ. ನಿಮ್ಮ ಅಳಿಯನೂ ಮಾಡಿದ್ದು ಅದನ್ನೇ. ಮುಗಿದ ಯಂತ್ರ ನೋಡಿ, ಬಿಚ್ಚಿ, ಎಲ್ಲಾ ಹಳೇದು ಅಂದ. ಸರಿಯಾದ ಪರೀಕ್ಷೆ ಬೇರೆ: ಯಂತ್ರ ಹುಟ್ಟುವ ಮೊದಲು, ಬರೀ ಹಳೇ ಕೂರಿಗೆ ಕೈಯಲ್ಲಿದ್ದಾಗ, ಅವನಿಗೆ ಇದು ಹೊಳೆಯುತ್ತಿತ್ತಾ?

ಕ್ಲೇಮ್, ಅಂದರೆ ಅರ್ಜಿಯಲ್ಲಿ ಯಾವುದರ ಮೇಲೆ ನಮ್ಮ ಹಕ್ಕು ಅಂತ ಹೇಳುವ ವಾಕ್ಯ, ಅದನ್ನು ಬರೆಯುವಾಗ ಈ ವ್ಯತ್ಯಾಸವೇ ಪ್ರಾಣ. 'ಬೀಜದ ಡಬ್ಬಿ, ಸ್ಪ್ರಿಂಗ್ ತಾಳು, ಕೇಬಲ್ ಮತ್ತು ಬಾಗಿಲು ಇರುವ ಕೂರಿಗೆ' ಅಂತ ಬರೆದರೆ ಅದು ಸಂತೆಯ ಚೀಟಿ ಆಯಿತು. ಪರೀಕ್ಷಕರು ಒಂದೊಂದರ ಮುಂದೂ ಒಂದು ಹಳೇ ದಾಖಲೆ ಬರೆದು ವಾಪಸ್ ಕಳಿಸುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: 'ಪ್ರತಿ ತಾಳಿನ ಬೀಜದ ಪೈಪಿನ ಕೆಳತುದಿಯಲ್ಲಿ ಒಂದು ಬಾಗಿಲಿದ್ದು, ಆ ತಾಳು ಅಡ್ಡಿಗೆ ಸಿಕ್ಕಿ ಏಳುವ ಚಲನೆಯಿಂದಲೇ ಆ ಬಾಗಿಲು ಮಾತ್ರ ಮುಚ್ಚಿ, ತಾಳು ಇಳಿದ ನಂತರ ಮುಚ್ಚಿದ್ದಕ್ಕಿಂತ ನಿಧಾನವಾಗಿ ತೆರೆಯುವಂತೆ ಒಂದು ತಡೆ ಸಾಧನ ಜೋಡಿಸಿರುವ ಕೂರಿಗೆ.' ಬ್ರೇಕ್ ಕೇಬಲ್, ಪಂಪಿನ ವಾಷರ್ ಅಂತ ಮುಖ್ಯ ಕ್ಲೇಮಿನಲ್ಲಿ ಹಾಕುವುದಿಲ್ಲ. ಹಾಕಿದರೆ ನಾಳೆ ಇನ್ನೊಬ್ಬ ಕೇಬಲ್ ಬದಲು ಕಡ್ಡಿ ಹಾಕಿ ಪಾರಾಗುತ್ತಾನೆ. ಅವು ಕೆಳಗಿನ ಉಪ ಕ್ಲೇಮುಗಳಲ್ಲಿ ಬರಲಿ. ಕೆಲವರು ಪೇಟೆಂಟ್ ಸಿಕ್ಕರೆ ಸಾಕು ಅಂತ ಬೋಲ್ಟಿನ ಅಳತೆಯವರೆಗೆ ಸೇರಿಸಿ ಕ್ಲೇಮ್ ಬರೆಸುತ್ತಾರೆ. ಅಂಥ ಪೇಟೆಂಟ್ ಗೋಡೆಗೆ ಹಾಕಲು ಚೆನ್ನ, ಅಷ್ಟೇ.

ಜರ್ಮನಿ, ಚೀನಾದಲ್ಲಿ ಇಂಥ ಸಣ್ಣ ಸುಧಾರಣೆಗಳಿಗೆ ಯುಟಿಲಿಟಿ ಮಾಡೆಲ್ ಅಂತ ಬೇರೆ ರಕ್ಷಣೆ ಇದೆ. ನಮ್ಮಲ್ಲಿ ಅದಿಲ್ಲ. ಡಿಸೈನ್ ನೋಂದಣಿ ಮಾಡಿಸಿ ಅಂತ ಯಾರಾದರೂ ಹೇಳಿದರೆ, ಅದು ನೋಟಕ್ಕೆ ಮಾತ್ರ, ಕೆಲಸ ಮಾಡುವ ರೀತಿಗಲ್ಲ.

ಇನ್ನು ಅವಸರದ ಮಾತು. ಕಳೆದ ಮುಂಗಾರಿನಲ್ಲಿ ಹೊಲದಲ್ಲಿ ಓಡಿಸಿದ್ದೀರಿ. ಕೂರಿಗೆಯನ್ನು ಬಯಲಲ್ಲೇ ಪರೀಕ್ಷೆ ಮಾಡಬೇಕು, ಮನೆಯೊಳಗೆ ಆಗುವುದಿಲ್ಲ. ಇಂಥ ಸಂದರ್ಭಕ್ಕೆ ಕಾಯ್ದೆಯ 32ನೇ ಕಲಮು ರಿಯಾಯಿತಿ ಕೊಡುತ್ತದೆ, ಆದರೆ ಬರೀ ಪರೀಕ್ಷೆಗೆ, ಅದೂ ಅರ್ಜಿಗೆ ಹಿಂದಿನ ಒಂದು ವರ್ಷದ ಒಳಗಿನದ್ದಕ್ಕೆ. ಅಂದರೆ ಮೊದಲು ಓಡಿಸಿದ ದಿನದಿಂದ ವರ್ಷ ತುಂಬುವ ಮೊದಲು ಅರ್ಜಿ ಹೋಗಬೇಕು. ಅಲ್ಲಿಯವರೆಗೆ ಯಾರಿಗೂ ಮಾರಬೇಡಿ, ಬಾಡಿಗೆಗೂ ಕೊಡಬೇಡಿ, ವಿಡಿಯೋ ಮಾಡಿ ವಾಟ್ಸ್ಆ್ಯಪ್‌ಗೆ ಬಿಡಬೇಡಿ. ಕೃಷಿ ಮೇಳದಲ್ಲಿ ಇಡುವ ಆಸೆ ಇದ್ದರೆ ತಡೆದುಕೊಳ್ಳಿ. ಸರ್ಕಾರಿ ಮೇಳ ತಾನೇ ಅಂತ ಜನ ಇಡುತ್ತಾರೆ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನಕ್ಕೆ ಮಾತ್ರ ರಿಯಾಯಿತಿ ಇರುವುದು. ನನ್ನ ಒಬ್ಬ ಗಿರಾಕಿ ಮೇಳದಲ್ಲಿ ಬಹುಮಾನ ತಗೊಂಡ ಫೋಟೋ ಪೇಪರಿನಲ್ಲಿ ಬಂದಿತ್ತು. ಅವರ ಅರ್ಜಿಗೆ ಎದುರಾಗಿ ಬಂದ ದಾಖಲೆ ಅದೇ ಫೋಟೋ.

ಮೊದಲು ತಾತ್ಕಾಲಿಕ ಅರ್ಜಿ ಹಾಕಿ ತಾರೀಖು ಹಿಡಿದುಕೊಳ್ಳಬಹುದು. ಪೂರ್ತಿ ಅರ್ಜಿಗೆ 12 ತಿಂಗಳು ಸಮಯ ಸಿಗುತ್ತದೆ. ತಾತ್ಕಾಲಿಕ ಅಂತ ಎರಡು ಪುಟ ಗೀಚಬೇಡಿ, ವಾಷರ್‌ನ ವಿಷಯ ಅದರಲ್ಲೇ ಚಿತ್ರದ ಸಮೇತ ಇರಬೇಕು. ಕರ್ನಾಟಕದವರಿಗೆ ಚೆನ್ನೈ ಕಚೇರಿ, ಆದರೆ ಆನ್‌ಲೈನ್‌ನಲ್ಲೇ ಹಾಕಬಹುದು. ವ್ಯಕ್ತಿಯಾಗಿ ಹಾಕಿದರೆ ಅರ್ಜಿ ಶುಲ್ಕ 1,600 ರೂಪಾಯಿ, ಅರ್ಜಿಯನ್ನು ಪರೀಕ್ಷಿಸಿ ಅಂತ ಕಚೇರಿಗೆ ಕೊಡುವ ಕೋರಿಕೆಗೆ 4,000. ಆ ಕೋರಿಕೆ 31 ತಿಂಗಳೊಳಗೆ ಹೋಗಬೇಕು. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ, ಕನ್ನಡ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ, ಆದರೆ ನಿಯಮ ಹಾಗಿದೆ. ಏಜೆಂಟರ ಫೀಸು ಕಷ್ಟವಾದರೆ ಗಾಂಧಿನಗರದ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್‌ಗೆ ಬರೆಯಿರಿ. ಓದು ಜಾಸ್ತಿ ಇಲ್ಲದ, ಹಳ್ಳಿಯ ಕಸುಬುದಾರರ ಪೇಟೆಂಟ್ ಅರ್ಜಿಗೆ ಅವರು ನೆರವಾಗುತ್ತಾರೆ.

ಅದಕ್ಕೂ ಮೊದಲು ಅಳಿಯನಿಗೆ ಒಂದು ಕೆಲಸ ಹಚ್ಚಿ. ಗೂಗಲ್ ಪೇಟೆಂಟ್ಸ್‌ನಲ್ಲೂ ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್ ಅನ್ನುವ ಹುಡುಕುವ ತಾಣದಲ್ಲೂ ಕೂತು, ಒಂದೊಂದು ತಾಳಿಗೂ ಬೇರೆ ಬೇರೆ ಬೀಜದ ಬಾಗಿಲು ಇರುವ ಕೂರಿಗೆ ಇದೆಯಾ ಅಂತ ಹುಡುಕಲಿ. ಸಿಕ್ಕರೆ ನನಗೆ ಕಳಿಸಲಿ, ಬೇಜಾರು ಮಾಡಿಕೊಳ್ಳುವುದು ಬೇಡ. ಬಾಗಿಲು ಹೇಗೆ ತೆರೆಯುತ್ತದೆ ಅನ್ನುವುದು ಅದರಲ್ಲಿ ಇಲ್ಲದಿದ್ದರೆ ನಮಗೆ ಇನ್ನೂ ಜಾಗ ಇದೆ.

ನೀವು ಮಾಡಬೇಕಾದದ್ದು ಇನ್ನೊಂದು. ನಿಮ್ಮದೇ ಹೊಲದಲ್ಲಿ ಕಲ್ಲಿರುವ ಕಡೆ ನೂರು ಅಡಿ ಸಾಲು ಅಳೆದು ಮೂರು ಸಲ ಬಿತ್ತಿ: ಬಾಗಿಲು ಮೇಲಿಟ್ಟು ಒಮ್ಮೆ, ಕೆಳಗಿಟ್ಟು ವಾಷರ್ ಇಲ್ಲದೆ ಒಮ್ಮೆ, ವಾಷರ್ ಹಾಕಿ ಒಮ್ಮೆ. ಪ್ರತಿ ಸಲ ನೆಲದ ಮೇಲೆ ಬಿದ್ದ ಬೀಜ ಎಷ್ಟು, ಒಂದೇ ಕಡೆ ಗುಂಪಾಗಿ ಬಿದ್ದದ್ದು ಎಷ್ಟು, ಎಣಿಸಿ ತಾರೀಖು ಹಾಕಿ ಬರೆದಿಡಿ. ಆ ಪುಟದ ಫೋಟೋ, ಜೊತೆಗೆ ವಾಷರ್ ಕೂರಿಸಿದ ಜಾಗವನ್ನು ಹತ್ತಿರದಿಂದ ತೆಗೆದ ಒಂದು ಫೋಟೋ ಕಳಿಸಿ. ಕೂರಿಗೆಯ ಪೂರ್ತಿ ಫೋಟೋ ಸದ್ಯಕ್ಕೆ ಬೇಡ.